ಇಂದಿನ ಧಮ್ಮ ಚಿಂತನೆ: ಎಲ್ಲರ ನೆಲ, ನನ್ನ ಗಾಲಿ



ವರ್ಷಾವಾಸ ನಡೆದಿದೆ. ಕೊಂಕಲ್ ಕಡೆಯ ನಮ್ಮ ಹಲವು ಮನೆಗಳಲ್ಲಿ ಸಂಜೆ 'ಬುದ್ಧ ಮತ್ತು ಆತನ ಧಮ್ಮ'ದ ಓದು ಸಾಗಿದೆ. ಈ ಮೂರು ತಿಂಗಳ ಆಚರಣೆ ಶುರುವಾದದ್ದು ಹೇಗೆ ಎಂದು ಇವತ್ತು ನೆನೆಯೋಣ. ಅದಕ್ಕೆ ನಮ್ಮ ಮನೆಯಲ್ಲೇ ಒಂದು ಕಾರಣ ಹುಟ್ಟಿದೆ.

ಹೋದ ಭಾನುವಾರ ನನ್ನ ಅಕ್ಕನ ಮಗ ಗೆಳೆಯರ ಜೊತೆ ಶಹಾಪುರದ ಬುದ್ಧ ಮಲಗಿದ ಬೆಟ್ಟ ನೋಡಲು ಹೋಗಿದ್ದ. ಬರೀ ನೋಡಿ ಬರಲಿಲ್ಲ. ದಾರಿ ಬಿಟ್ಟು, ಹಸಿರು ಇಳಿಜಾರಿನ ಮೇಲೆ ಬೈಕ್ ಹತ್ತಿಸಿ ರೀಲ್ಸ್ ಮಾಡಿದರು. ಆಡು ಮೇಯಿಸುತ್ತಿದ್ದ ಅಜ್ಜಿಯೊಬ್ಬರು ತಡೆದರಂತೆ: "ತಮ್ಮಾ, ಹುಲ್ಲು ಇನ್ನಾ ಎಳೀದು ಅದ. ನೀವು ಹಿಂಗ ತುಳದ್ರ ನನ್ನ ಆಡು ಏನ್ ತಿನ್ನಬೇಕು?"

ಹುಡುಗ ಸಿಟ್ಟಿನಲ್ಲೇ ನನ್ನ ಬಳಿ ಬಂದ. "ಅದು ಸರ್ಕಾರಿ ಜಾಗ ಅದ ಮಾಮಾ, ಯಾರಪ್ಪಂದೂ ಅಲ್ಲ. ಸಾರ್ವಜನಿಕ ಕೆರಿ ಎಲ್ಲರದು ಅಂತ ಬಾಬಾಸಾಹೇಬರು ಮಹಾಡದಾಗ ನೀರು ಕುಡೀಲಿಲ್ಲೇನು? ನಮಗ ಬರಬ್ಯಾಡ ಅನ್ನಾಕಿ ಆಕಿ ಯಾರು?"

ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ದಾರಿ, ಬಾವಿ, ಗುಡಿ ಎಲ್ಲ ಕಡೆ 'ಬರಬೇಡ' ಎಂಬ ಮಾತು ಕೇಳಿ ಬೆಳೆದವರು ನಮ್ಮ ಹಿರಿಯರು. ಆ ಮಾತು ಯಾರ ಬಾಯಿಂದ ಬಂದರೂ ನಮಗೆ ಮೈ ಉರಿಯುತ್ತದೆ. ಉರಿಯಬೇಕಾದದ್ದೇ.

ಆದರೆ ಮಹಾಡದಲ್ಲಿ ನಡೆದದ್ದನ್ನು ಸರಿಯಾಗಿ ನೋಡೋಣ. ಸಾರ್ವಜನಿಕ ಕೆರೆ, ಬಾವಿ ಎಲ್ಲರಿಗೂ ಮುಕ್ತ ಎಂದು ಮುಂಬೈ ಲೆಜಿಸ್ಲೇಟಿವ್ ಕೌನ್ಸಿಲ್ 1923ರಲ್ಲೇ ಠರಾವು ಮಾಡಿತ್ತು. ಕಾಗದದ ಮೇಲಷ್ಟೇ ಇದ್ದ ಆ ಹಕ್ಕಿಗೆ ಬಾಬಾಸಾಹೇಬರು 1927ರ ಮಾರ್ಚ್ 20ರಂದು ಚವದಾರ್ ಕೆರೆಯ ನೀರು ಕುಡಿದು ಜೀವ ತುಂಬಿದರು. ಮುಂಬೈ ಹೈಕೋರ್ಟ್ ನಮ್ಮವರ ಪರ ತೀರ್ಪು ಕೊಟ್ಟದ್ದು 1937ರಲ್ಲಿ. ಹತ್ತು ವರ್ಷ ಹೋರಾಡಿದ್ದು ನೀರು ಕುಡಿಯಲಿಕ್ಕೆ, ಕೆರೆ ಕದಡಲಿಕ್ಕಲ್ಲ. ಅವರು ಕುಡಿದ ಮೇಲೂ ಮುಂದೆ ಬಂದವನಿಗೆ ಅದೇ ನೀರು ಉಳಿದಿತ್ತು. ಸಾರ್ವಜನಿಕ ಎಂದರೆ ಇದೇ: ನನಗೂ ಹಕ್ಕುಂಟು, ನನ್ನ ನಂತರ ಬರುವವರಿಗೂ ಉಂಟು.

ಬೆಟ್ಟದ ಇಳಿಜಾರಿನಲ್ಲಿ ಮಣ್ಣು ತೆಳು. ಅದನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು. ಗಾಲಿ ಗೀರಿದ ಜಾಗದಲ್ಲಿ ಮಳೆನೀರು ದಾರಿ ಮಾಡಿಕೊಂಡು ಮಣ್ಣನ್ನು ಕೊಚ್ಚಿ ಒಯ್ಯುತ್ತದೆ. ಅಮೆರಿಕದ ಮರುಭೂಮಿಗಳಲ್ಲೂ ಇದೇ ಕಥೆ. ಅಲ್ಲಿ ಮೋಜಿನ ಗಾಡಿಗಳು ಓಡಿದ ಕಡೆ ಮಣ್ಣನ್ನು ಕಟ್ಟಿಹಿಡಿದಿದ್ದ ಜೀವಂತ ಪದರ ಪುಡಿಯಾಯಿತು, ಆಮೆಗಳ ಬಿಲ ಕುಸಿದವು. ಆ ಪದರ ಮತ್ತೆ ಬೆಳೆಯಲು ದಶಕಗಳೇ ಬೇಕು. 1972ರಲ್ಲಿ ಅಲ್ಲಿನ ಅಧ್ಯಕ್ಷ ನಿಕ್ಸನ್, ಸರ್ಕಾರಿ ಭೂಮಿಯಲ್ಲಿ ಇಂಥ ಗಾಡಿಗಳು ಎಲ್ಲಿ ಓಡಬಹುದು, ಎಲ್ಲಿ ಓಡಬಾರದು ಎಂದು ಗೊತ್ತುಪಡಿಸಲು ಆದೇಶ ಹೊರಡಿಸಬೇಕಾಯಿತು.

ಇನ್ನೊಂದು ಮಾತು. ಹೊಲ ಇದ್ದವರಿಗೆ ಬದುವಿನ ಹುಲ್ಲಿದೆ. ಹೊಲ ಇಲ್ಲದವರಿಗೆ ಇರುವುದು ಗುಡ್ಡ, ಗೈರಾಣ, ಹಳ್ಳದ ದಂಡೆ. ಎಲ್ಲರ ನೆಲ ಹಾಳಾದರೆ ಮೊದಲು ಹಸಿಯುವುದು ಆ ಅಜ್ಜಿಯ ಆಡು. ನಮ್ಮ ಓಣಿಯಲ್ಲೂ ಅಂಥವರು ಎಷ್ಟು ಮಂದಿ ಇಲ್ಲ?

ಈಗ ವರ್ಷಾವಾಸಕ್ಕೆ ಬರೋಣ. ಮೊದಲು ಭಿಕ್ಷುಗಳು ಮಳೆಗಾಲದಲ್ಲೂ ಸಂಚರಿಸುತ್ತಿದ್ದರು. ಇವರು ಎಳೆಹುಲ್ಲು ತುಳಿಯುತ್ತಾರೆ, ಸಣ್ಣ ಜೀವಿಗಳನ್ನು ಕೊಲ್ಲುತ್ತಾರೆ ಎಂದು ಜನ ದೂರಿದರು. ಹಕ್ಕಿಗಳು ಕೂಡ ಮಳೆಗಾಲಕ್ಕೆ ಗೂಡು ಕಟ್ಟಿ ನಿಲ್ಲುತ್ತವಲ್ಲ ಎಂದರು. ನೆಲ ಎಲ್ಲರದು, ಕೇಳಲು ನೀವ್ಯಾರು ಎಂದು ಭಗವಾನರು ಹೇಳಲಿಲ್ಲ. ಸಾಮಾನ್ಯ ಜನರ ಮಾತು ಕೇಳಿ, ಮಳೆಗಾಲದಲ್ಲಿ ಒಂದೇ ಕಡೆ ನೆಲೆಸುವ ನಿಯಮ ಮಾಡಿದರು. ಅದು ಬರಿಗಾಲಿನ ತುಳಿತ. ನಮ್ಮದು ಗಾಲಿ.

ಪಂಚಶೀಲದಲ್ಲಿ ಯಾರೂ ನಮಗೆ ಆಜ್ಞೆ ಮಾಡುವುದಿಲ್ಲ. ಹಿಂಸೆಯಿಂದ ದೂರವಿರುವ ಶಿಕ್ಷಣವನ್ನು ನಾವೇ ಸ್ವೀಕರಿಸುತ್ತೇವೆ. ಇನ್ನೊಬ್ಬರು ಹೇರಿದ 'ಬರಬೇಡ' ಅಪಮಾನ. ನಾವೇ ತಿಳಿದು ನಿಲ್ಲುವುದು ಶೀಲ. ಹಾಗೆಂದು ಆಡು ಮೇಯಿಸುವವರನ್ನು ಹೊರಗಿಟ್ಟು ಜೀಪಿನವರಿಗೆ ಮಾತ್ರ ದಾರಿ ಬಿಟ್ಟರೆ ಅದು ರಕ್ಷಣೆಯಲ್ಲ. ಅದನ್ನು ನಾವು ಪ್ರಶ್ನಿಸಲೇಬೇಕು.

ಹುಡುಗ ಇನ್ನೂ ಪೂರ್ತಿ ಒಪ್ಪಿಲ್ಲ. "ಪ್ಯಾಟಿ ಮಂದಿ ಹತ್ತಸ್ತಾರ, ನಾವಷ್ಟೇ ಯಾಕ ಬಿಡಬೇಕು?" ಎನ್ನುತ್ತಾನೆ. ಅವರು ತಪ್ಪು ಮಾಡುತ್ತಾರೆಂದು ನಾವು ಶೀಲ ಬಿಡಲು ಬರುವುದಿಲ್ಲ ಎಂದೆ. ಮುಂದಿನ ಹುಣ್ಣಿಮೆಗೆ ಇಬ್ಬರೂ ಹೋಗುವುದೆಂದಾಗಿದೆ, ಗಾಡಿ ಕೆಳಗೆ ನಿಲ್ಲಿಸಿ, ನಡೆದು. ಅಜ್ಜಿ ಸಿಕ್ಕರೆ ಅವನೇ ಮಾತಾಡಲಿ.

ಇಂದಿನ ಪ್ರಶ್ನೆ: ಎಲ್ಲರದಾದ ಯಾವುದನ್ನು ನಾನು ಇವತ್ತು ಬಳಸಿದೆ? ನನ್ನ ನಂತರದವರಿಗೆ ಅದು ಹಾಗೇ ಉಳಿದಿದೆಯೇ?

ಭವತು ಸಬ್ಬ ಮಂಗಲಂ. ಜೈ ಭೀಮ್. 🙏