ಮಧುತ್ಯಾಗವೂ ಮೇಣದ ಚಿತ್ರವೂ

ವ್ರತವೆಂದೊಡನೆ ನಮ್ಮ ಲಕ್ಷ್ಯವು ನಾಲಗೆಯ ಕಡೆಗೆ ಹರಿಯುವುದು ಸಹಜ. ಯಾವುದನ್ನು ಉಣ್ಣಬಾರದು, ಯಾವ ಹೊತ್ತಿನಲ್ಲಿ ಉಣ್ಣಬಾರದು ಎಂಬುದನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಆದರೆ ಕಣ್ಣಿಗೂ ಒಂದು ಆಹಾರವುಂಟು. ಅದಕ್ಕೂ ವ್ರತದ ಮಿತಿ ಸಲ್ಲುವುದೇ ಎಂಬುದೇ ಇಲ್ಲಿನ ವಿಚಾರ.

ಪ್ರಕೃತಿಯಲ್ಲಿ ಚೈತನ್ಯವನ್ನು ಅರಸುವ ಕೆಲವು ಕಲಾವಿದರು, ವಿಶೇಷವಾಗಿ ಪಾಶ್ಚಾತ್ಯ ದೇಶಗಳಲ್ಲಿ, ಛಾಯಾಚಿತ್ರವನ್ನೂ ಜೇನುಮೇಣವನ್ನೂ ಕೂಡಿಸಿ ಕೃತಿ ರಚಿಸುತ್ತಾರೆ. ಮರ, ನೀರು, ಮಂಜುಗಳ ಛಾಯಾಚಿತ್ರವನ್ನು ಹಲಗೆಗೆ ಅಂಟಿಸಿ, ರಾಳ ಬೆರೆಸಿ ಕರಗಿಸಿದ ಮೇಣವನ್ನು ಪದರಪದರವಾಗಿ ಲೇಪಿಸಿ, ಪ್ರತಿಯೊಂದು ಪದರವನ್ನೂ ಕಾಯಿಸಿ ಬೆಸೆಯುತ್ತಾರೆ. ಆಗ ದೃಶ್ಯವು ತೆಳುವಾದ ತೆರೆಯ ಹಿಂದಿನಿಂದ ಹೊಮ್ಮಿದಂತೆ ತೋರುತ್ತದೆ. ಮೇಣದ ಚಿತ್ರಕಲೆ ಹೊಸದೇನೂ ಅಲ್ಲ. ಈಜಿಪ್ಟಿನ ಫಯೂಮ್ ಪ್ರದೇಶದಲ್ಲಿ ಕ್ರಿ.ಶ. 1ರಿಂದ 3ನೆಯ ಶತಮಾನದ ಅವಧಿಯಲ್ಲಿ ಮೃತರ ಮುಖಚಿತ್ರಗಳನ್ನು ಬಣ್ಣ ಬೆರೆಸಿದ ಮೇಣದಿಂದ ಬರೆದರು. ಅವು ಇಂದಿಗೂ ಉಳಿದಿವೆ.

ಇಂತಹ ಕೃತಿ ಮನಸ್ಸಿಗೆ ಶಾಂತಿಯನ್ನೀಯಬಹುದು. ಆದರೂ ಶ್ರಾವಕನು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಆ ಮೇಣ ಬಂದುದೆಲ್ಲಿಂದ? ಜೇನುಹುಳು ತನ್ನ ಒಡಲಿನ ಗ್ರಂಥಿಗಳಿಂದ ಅದನ್ನು ಸ್ರವಿಸಿ ಮರಿಗಳಿಗೆ ಮನೆ ಕಟ್ಟುತ್ತದೆ. ಸಮಂತಭದ್ರಾಚಾರ್ಯರು ಮದ್ಯಮಾಂಸಗಳೊಡನೆ ಮಧುವಿನ ತ್ಯಾಗವನ್ನೂ ಮೂಲಗುಣಗಳಲ್ಲಿ ಸೇರಿಸಿದರು. ತಾನಾಗಿ ತೊಟ್ಟಿಕ್ಕಿದ ಜೇನಿನಲ್ಲಿಯೂ ಅದನ್ನಾಶ್ರಯಿಸಿದ ಜೀವಿಗಳ ಘಾತವುಂಟೆಂದು ಅಮೃತಚಂದ್ರಸೂರಿಗಳು ಎಚ್ಚರಿಸಿದರು. ತತ್ತ್ವಾರ್ಥಸೂತ್ರದಲ್ಲಿ ಚತುರಿಂದ್ರಿಯ ಜೀವಕ್ಕೆ ಉದಾಹರಣೆಯಾಗಿ ಬಂದಿರುವುದು ಭ್ರಮರವೇ. ಅದಕ್ಕೆ ಕಿವಿಯಿಲ್ಲ, ಆದರೆ ಕಣ್ಣುಂಟು. ನಮ್ಮ ಕಣ್ಣಿನ ಸುಖಕ್ಕಾಗಿ ಕಣ್ಣುಳ್ಳ ಜೀವಿಯ ಮನೆಯನ್ನು ಕರಗಿಸುವುದು ಅಲ್ಪ ವಿಷಯವಲ್ಲ.

ಹೀಗೆಂದು ಪರದೇಶದ ಕಲಾವಿದನನ್ನು ದೂಷಿಸಿ ಸುಮ್ಮನಾಗುವುದು ಸುಲಭ. ಆದರೆ ನಮ್ಮ ಮನೆಯ ಗೋಡೆಯನ್ನೂ ನೋಡಿಕೊಳ್ಳಬೇಕು. 1871ರಲ್ಲಿ ಇಂಗ್ಲೆಂಡಿನ ರಿಚರ್ಡ್ ಮ್ಯಾಡಾಕ್ಸ್ ಎಂಬ ವೈದ್ಯರು ಛಾಯಾಚಿತ್ರದ ಫಲಕಕ್ಕೆ ಜೆಲಟಿನ್ ಲೇಪವನ್ನು ಪ್ರಯೋಗಿಸಿದರು. ಆ ಬಳಿಕ ಫಿಲ್ಮಿಗೂ ಮುದ್ರಣದ ಕಾಗದಕ್ಕೂ ಜೆಲಟಿನ್ ರೂಢಿಯಾಯಿತು. ಅದು ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ ತೆಗೆದುದು. ಹಿರಿಯರು ಭಕ್ತಿಯಿಂದ ತೂಗುಹಾಕಿದ ಮುನಿಮಹಾರಾಜರ ಹಳೆಯ ಛಾಯಾಚಿತ್ರಗಳೂ ಇದಕ್ಕೆ ಹೊರತಲ್ಲ. ಲೋಹದ ಜಿನಬಿಂಬಗಳನ್ನೂ ಬಹುಮಟ್ಟಿಗೆ ಮೇಣದ ಅಚ್ಚಿನಿಂದಲೇ ಎರಕ ಹೊಯ್ದಿದ್ದಾರೆ. ಚಾಲುಕ್ಯ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ಮಾನಸೋಲ್ಲಾಸದಲ್ಲಿ ಈ ಮಧೂಚ್ಛಿಷ್ಟ ವಿಧಾನದ ವರ್ಣನೆಯಿದೆ.

ಹಾಗಾದರೆ ಬಿಂಬವೂ ಚಿತ್ರವೂ ತ್ಯಾಜ್ಯವೇ? ಅಲ್ಲ. ಹಿಂಸೆಯ ಮೂಲವು ಪ್ರಮಾದದಲ್ಲಿದೆಯೆಂದು ನಮ್ಮ ಆಚಾರ್ಯರು ತಿಳಿಸಿದ್ದಾರೆ. ಅಂದಿನ ಶಿಲ್ಪಿಗೆ ಅಷ್ಟು ಸೂಕ್ಷ್ಮವಾದ ಕೆಲಸಕ್ಕೆ ಒದಗುವ ಬೇರೆ ಸಾಧನ ಸುಲಭವಾಗಿರಲಿಲ್ಲ. ಇಂದು ಬ್ರೆಜಿಲ್ ದೇಶದ ತಾಳೆಜಾತಿಯ ಮರದ ಎಲೆಯಿಂದ ಬರುವ ಕಾರ್ನೌಬಾ ಮೇಣವುಂಟು, ಸೋಯಾ ಮೇಣವುಂಟು. ಫಿಲ್ಮನ್ನೇ ಬೇಡದ ಡಿಜಿಟಲ್ ಕ್ಯಾಮೆರಾವುಂಟು. ಅನ್ಯ ಮಾರ್ಗವಿದೆಯೆಂದು ತಿಳಿದೂ ಕೇವಲ ಹೊಳಪಿಗಾಗಿ ಹಳೆಯ ಮಾರ್ಗವನ್ನೇ ಹಿಡಿದರೆ ಅದು ಪ್ರಮಾದವಲ್ಲದೆ ಮತ್ತೇನು? ಮಾಡುವವನಿಗೆ ಮಾತ್ರವಲ್ಲ, ಮಾಡಿಸುವವನಿಗೂ ಅನುಮೋದಿಸುವವನಿಗೂ ಅದರಲ್ಲಿ ಪಾಲುಂಟು. ಕೊಳ್ಳುವವನು ಅನುಮೋದಿಸುವವನೇ ಆಗಿದ್ದಾನೆ.

ಉಪವಾಸದ ದಿನ ಅಲಂಕಾರ, ಗಂಧ, ಪುಷ್ಪಗಳನ್ನಲ್ಲದೆ ಕಣ್ಣಿನ ಅಂಜನವನ್ನೂ ಬಿಡಬೇಕೆಂದು ರತ್ನಕರಂಡಕ ಶ್ರಾವಕಾಚಾರವು ವಿಧಿಸುತ್ತದೆ. ಉಪವಾಸವು ನಾಲಗೆಗಷ್ಟೇ ಅಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಿಲ್ಲ. ಅನ್ನವು ಒಮ್ಮೆ ಉಂಡು ತೀರುವ ಭೋಗ. ಚಿತ್ರವು ಮತ್ತೆ ಮತ್ತೆ ಸವಿಯುವ ಉಪಭೋಗ. ಎರಡಕ್ಕೂ ಪರಿಮಾಣವ್ರತವುಂಟು.

ಆದುದರಿಂದ ಮುಂದಿನ ಅಷ್ಟಮಿ ಅಥವಾ ಚತುರ್ದಶಿಯಂದು, ಅಂದಿನ ನಿಯಮಗಳೊಡನೆ ಇನ್ನೊಂದನ್ನು ಸೇರಿಸಿಕೊಳ್ಳೋಣ: ಮನೆಗೆ ತರುವ ಸುಂದರ ವಸ್ತು ಯಾವುದರಿಂದ ಆಯಿತೆಂದು ಕೇಳದೆ ಅದನ್ನು ತರುವುದಿಲ್ಲ. ಕೇಳಿದ ಮೇಲೆ ಮನಸ್ಸು ಹಿಂಜರಿದರೆ, ಆ ಗೋಡೆ ಬರಿದಾಗಿಯೇ ಇರಲಿ.