ಎಲೆಯೋ ಬೇರೋ?

ಬಹು ನೀರಿನ ಬಳಿ ನೀರವಂಜಿಯಂತೆ ನೆಡಲ್ಪಟ್ಟರೂ ಮೂಡಣ ಗಾಳಿಗೆ ಒಣಗಲಿದ್ದ ಬಳ್ಳಿಯ ಸಾಮ್ಯವನ್ನು ಯೆಹೆಜ್ಕೇಲನ ಗ್ರಂಥದ 17ನೆಯ ಅಧ್ಯಾಯದಲ್ಲಿ ಓದುತ್ತೇವೆ.

ಸನ್ನತಿಯ ಭೀಮಾ ತೀರದಲ್ಲಿರುವ ನಮಗೆ ಲಕ್ಕಿಯ ಗಿಡವು ಇದೇ ಪಾಠವನ್ನು ಕಲಿಸುತ್ತದೆ. ಬುಟ್ಟಿ ಹೆಣೆಯಲು ಯೋಗ್ಯವಾದ ಅದರ ಕಡ್ಡಿಯನ್ನು ಬುಡ ಕೆಳಗಾಗಿ, ಗೆಣ್ಣು ಮಣ್ಣಿನಲ್ಲಿ ಹುದುಗುವಂತೆ ನೆಟ್ಟು, ತೇವವಾರದಂತೆ ಕಾಯಬೇಕು. ಕೆಲವು ದಿನಗಳಲ್ಲಿ ಅದು ಚಿಗುರುವುದು. ಆದರೆ ಆ ಮೊದಲ ಎಲೆಗಳು ಕಡ್ಡಿಯೊಳಗಣ ಹಳೆಯ ರಸದವು. ಬೇರು ಬಿಡದಿದ್ದರೆ ಬಿಸಿಲು ಬಿದ್ದೊಡನೆ ಬಾಡುವುವು.

ದೀಕ್ಷಾಸ್ನಾನದಲ್ಲಿ ಹೊಂದಿದ ಹೊಸ ಹೆಸರು ಜನರ ಕಣ್ಣಿಗೆ ಕಾಣುವ ಎಲೆ. ಮನೆಯಲ್ಲಿ ರೋಗವೂ ಹೊಲದಲ್ಲಿ ಬರವೂ ಬಂದಾಗ, ಬಂಧುಗಳು ಬಳಕೆ ಬಿಟ್ಟಾಗ, ನಾವು ಯಾವುದರಿಂದ ಬದುಕುವೆವು? ದಿನದಿನದ ಪ್ರಾರ್ಥನೆಯಿಂದಲೂ ವಾಕ್ಯಧ್ಯಾನದಿಂದಲೂ ಕರ್ತನಲ್ಲಿ ಬೇರೂರೋಣ. ಬೇರುಳ್ಳ ಗಿಡವನ್ನು ಬುಡದ ತನಕ ಕಡಿದರೂ ಅದು ಮತ್ತೆ ನೀಳವಾದ ಕಡ್ಡಿಗಳನ್ನು ಕೊಡುವುದು. ಆಮೆನ್.