ಪಟ್ಟಿಯಲ್ಲಿಲ್ಲದ ರಸ

ಆರು ಬಾಹ್ಯ ತಪಸ್ಸುಗಳಲ್ಲಿ ರಸಪರಿತ್ಯಾಗವೂ ಒಂದು. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ-ಸಕ್ಕರೆ, ಉಪ್ಪು ಇವುಗಳಲ್ಲಿ ಒಂದನ್ನೋ ಹಲವನ್ನೋ ಶಕ್ತ್ಯನುಸಾರ ತ್ಯಜಿಸುವ ನಿಯಮ ಶ್ರಾವಕರ ಮನೆಗಳಲ್ಲಿ ಪರಂಪರೆಯಿಂದ ನಡೆದುಬಂದಿದೆ. ಆದರೆ ಬಸವಕಲ್ಯಾಣ, ಹುಮನಾಬಾದ ಕಡೆಯ ನಮ್ಮ ನಾಲಗೆಯನ್ನು ಆಳುತ್ತಿರುವುದು ಮೆಣಸಿನಕಾಯಿ. ಅದರ ಹೆಸರು ಈ ಪಟ್ಟಿಯಲ್ಲಿಲ್ಲ.

ಬಸವಕಲ್ಯಾಣದಲ್ಲಿದ್ದ ನಮ್ಮ ಕಾಕಾ ಪ್ರತಿ ಭಾನುವಾರ ಉಪ್ಪು ಬಿಡುತ್ತಿದ್ದರು. ಅಂದು ಕಾಕಿಗೆ ಕೆಲಸ ಹೆಚ್ಚು. ಹಸಿಮೆಣಸಿನಕಾಯಿಗಳನ್ನು ಹೆಂಚಿನ ಮೇಲೆ ಹುರಿದು, ಜೀರಿಗೆ ಶೇಂಗಾ ಸೇರಿಸಿ ಒರಳಲ್ಲಿ ಕುಟ್ಟಬೇಕು. ಆ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮುತ್ತಿದ್ದರು. ಕಾಕಿಯ ಬೆರಳುಗಳು ಸಂಜೆಯವರೆಗೂ ಉರಿಯುತ್ತಿದ್ದವು. ಕಾಕಾ ಜೋಳದ ರೊಟ್ಟಿಗೆ ಆ ಖಾರ ಹಚ್ಚಿಕೊಂಡು ಉಂಡು, “ಉಪ್ಪ ಇಲ್ಲದ್ದು ಗೊತ್ತೇ ಆಗಲಿಲ್ಲ ನೋಡು” ಎಂದು ಸಮಾಧಾನದಿಂದ ಕೈತೊಳೆಯುತ್ತಿದ್ದರು. ಗೊತ್ತೇ ಆಗದಿದ್ದರೆ ಅವರು ತ್ಯಜಿಸಿದ್ದಾದರೂ ಏನನ್ನು?

ಪಟ್ಟಿ ಮಾಡಿದ ಪೂರ್ವಾಚಾರ್ಯರ ಕಣ್ತಪ್ಪಿನಿಂದ ಇದು ಬಿಟ್ಟುಹೋದುದಲ್ಲ. ಅವರ ಕಾಲದಲ್ಲಿ ಈ ಕಾಯಿಯೇ ನಮ್ಮ ದೇಶದಲ್ಲಿರಲಿಲ್ಲ. ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಅಡುಗೆಗಳ ವಿಸ್ತಾರವಾದ ವರ್ಣನೆಯಿದೆ (ಅವೆಲ್ಲವೂ ನಮಗೆ ಗ್ರಾಹ್ಯವಲ್ಲ ಎನ್ನುವುದು ಬೇರೆ ಮಾತು). ಅಲ್ಲಿನ ಖಾರ ಕರಿಮೆಣಸಿನದು. ಜೈನಕವಿ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವೂ ಮೆಣಸಿನಕಾಯಿ ನಮ್ಮ ಅಡುಗೆಮನೆಗಳಲ್ಲಿ ನೆಲೆಯೂರುವ ಮೊದಲಿನದೇ. ಅಮೆರಿಕ ಖಂಡದ ಈ ಕಾಯಿಯನ್ನು 16ನೆಯ ಶತಮಾನದಲ್ಲಿ ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದರು. ಬಂದದ್ದು ಮೆಣಸಿನ ಹೆಸರನ್ನೇ ತನ್ನದಾಗಿಸಿಕೊಂಡು, ಮೆಣಸನ್ನೇ ಮೂಲೆಗೆ ತಳ್ಳಿತು.

ಇನ್ನೊಂದು ಸಂಗತಿಯೂ ವಿಚಾರಾರ್ಹ. ಖಾರವು ರಸನೇಂದ್ರಿಯದ ವಿಷಯವೇ ಎಂಬುದರಲ್ಲೇ ಸಂದೇಹವಿದೆ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ದ್ರವ್ಯವು ರುಚಿಯ ಮೊಗ್ಗುಗಳನ್ನಲ್ಲ, ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಬಿಸಿಯನ್ನು ಅರಿಯುವ ನರತಂತುಗಳನ್ನು ಕೆರಳಿಸುತ್ತದೆ. ಆ ಗ್ರಾಹಕವನ್ನು ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು 1997ರಲ್ಲಿ ಗುರುತಿಸಿದರು. 2021ರಲ್ಲಿ ಜೂಲಿಯಸ್ ಅವರಿಗೆ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಅಂದರೆ ಬಾಯಿ ಸುಡದಿದ್ದರೂ ಸುಟ್ಟಿತೆಂದೇ ದೇಹ ತಿಳಿಯುತ್ತದೆ. ನಾವು ರುಚಿ ಎನ್ನುತ್ತಿರುವುದು ಸ್ಪರ್ಶನೇಂದ್ರಿಯದ ವೇದನೆ. ನಿತ್ಯವೂ ತಿನ್ನುವವರಲ್ಲಿ ಆ ನರಗಳು ಮಂದವಾಗುತ್ತವೆ. ನಿನ್ನೆಯ ಖಾರ ಇಂದು ಸಾಲದು. ತೃಷ್ಣೆಯ ಸ್ವಭಾವವನ್ನು ಶಾಸ್ತ್ರಗಳಲ್ಲಿ ಓದಿದವರಿಗೆ ಇದು ಹೊಸದೇನಲ್ಲ. ನೋವನ್ನು ಸಹಿಸುವುದರಿಂದ ಇದೂ ಕಾಯಕ್ಲೇಶ ತಪವೇ ಎಂದು ಒಬ್ಬ ಸ್ನೇಹಿತರು ನಗುತ್ತ ವಾದಿಸಿದ್ದುಂಟು. ಸುಖಕ್ಕಾಗಿ ಬೇಡಿ ಪಡೆದ ನೋವು ತಪವಾಗುವುದು ಹೇಗೆ?

ಹಾಗೆಂದು ಮೆಣಸಿನಕಾಯಿಯನ್ನು ಅಭಕ್ಷ್ಯವೆಂದು ಸಾರುವ ಅಧಿಕಾರ ನನಗಿಲ್ಲ, ಮನಸ್ಸೂ ಇಲ್ಲ. ಹೊಲದ ಬದುವಿನ ಮೇಲೆ ರೊಟ್ಟಿಯೊಡನೆ ಎರಡು ಮೆಣಸಿನಕಾಯಿ ಕಚ್ಚಿಕೊಂಡು ಉಣ್ಣುವ ಕೂಲಿಯವನಿಗೆ ಅದೇ ಪಲ್ಯ, ಅದೇ ಸಾರು. ಈರುಳ್ಳಿ ಬೆಳ್ಳುಳ್ಳಿ ಸೋಕದ ನಮ್ಮ ಬ್ಯಾಳಿಗೆ ಜೀವ ತರುವುದೂ ಅದೇ. ಹುಮನಾಬಾದದಲ್ಲಿ ಬಸ್ಸು ಇಳಿದಾಗ ಬಾಣಲೆಯಿಂದ ತೆಗೆದ ಮಿರ್ಚಿ ಭಜಿಯ ವಾಸನೆಗೆ ಸೋತು, ಸೂರ್ಯಾಸ್ತಕ್ಕೆ ಎಷ್ಟು ನಿಮಿಷ ಉಳಿದಿದೆಯೆಂದು ಕೈಗಡಿಯಾರ ನೋಡಿಕೊಂಡವರಲ್ಲಿ ನಾನೂ ಒಬ್ಬ.

ನನ್ನ ಅಳಲು ಪಂಗಡದ ಊಟದ ಬಗ್ಗೆ. ಬಸದಿಗಳ ಪೂಜಾ ಮಹೋತ್ಸವಗಳಲ್ಲಿ ಅಡುಗೆಯವರು ಎಲ್ಲರಿಗಿಂತ ಗಟ್ಟಿಯಾದ ನಾಲಗೆಯನ್ನು ಅಳತೆಯಾಗಿಟ್ಟುಕೊಂಡು ಖಾರ ಹಾಕುತ್ತಾರೆ. ಮಕ್ಕಳು ಬರೀ ಅನ್ನ ತಿಂದು ಏಳುತ್ತಾರೆ. ಹೊಟ್ಟೆಯ ಹುಣ್ಣಿರುವ ವೃದ್ಧರು ನೀರು ಕುಡಿದು ಸುಮ್ಮನಾಗುತ್ತಾರೆ. ಆ ದ್ರವ್ಯ ನೀರಿಗೆ ಕರಗದು, ಹಾಲು ಮೊಸರಿಗೆ ತಣಿಯುತ್ತದೆ. ಅವನ್ನು ತ್ಯಜಿಸಿದ ವ್ರತಿಗಳ ಪಾಡು ಇನ್ನೂ ಕಷ್ಟ. ಅಡುಗೆಯನ್ನು ಸಪ್ಪಗೆ ಮಾಡಿಸಿ ಖಾರದ ಚಟ್ನಿಯನ್ನು ಬೇಕಾದವರಿಗೆ ಬೇರೆಯಾಗಿ ಬಡಿಸುವುದಕ್ಕೆ ಟ್ರಸ್ಟುಗಳಿಗೆ ಖರ್ಚೇನೂ ಬರದು.

ಕಾಕಾ ಅವರ ಕಥೆ ಅಲ್ಲಿಗೇ ಮುಗಿಯಲಿಲ್ಲ. ಒಂದು ಭಾನುವಾರ ಆರು ವರ್ಷದ ಮೊಮ್ಮಗಳು ತಾನೂ ಅಜ್ಜನಂತೆ ನಿಯಮ ಮಾಡುವೆನೆಂದು ಪಕ್ಕದಲ್ಲಿ ಕುಳಿತು, ಅದೇ ಖಾರವನ್ನು ರೊಟ್ಟಿಗೆ ಹಚ್ಚಿಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಿಯಮ ಮುರಿದೀತೆಂದು ಉಗುಳಲಿಲ್ಲ. ಕಾಕಾ ಮಾತಾಡಲಿಲ್ಲ. ಮುಂದಿನ ಭಾನುವಾರ ಕಾಕಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಾಗ “ಇವತ್ತ ಬ್ಯಾಡ ಬಿಡು” ಎಂದರು. ಅಂದು ಒರಳಿನ ಸದ್ದಿರಲಿಲ್ಲ. ಬರೀ ರೊಟ್ಟಿ, ಬೇಯಿಸಿದ ಹೆಸರುಬ್ಯಾಳಿ. ಅರ್ಧ ರೊಟ್ಟಿ ಉಂಡ ಮೇಲೆ ಕಾಕಾ ತಲೆಯೆತ್ತಿ, “ಉಪ್ಪೇ ಇಲ್ಲಲ್ಲ ಇದರಾಗ” ಎಂದರು.